ಹುಡುಗನಿಗೆ ಚೆಲ್ಲಾಟ, ಜಿಮ್‌ಗೆ ಪ್ರಾಣಸಂಕಟ

ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗ. ಕೈಯಲ್ಲಿ ಪೆನ್ಸಿಲ್ಲು, ಒಂದು ಚೂರು ಕಾಗದ. ಬರೆಯುತ್ತಿರುವುದು ಎರಡೇ ಸಾಲು. ನಿಮ್ಮ ಮನೆಯಿಂದ ಓಡಿಹೋದ ಜಿಮ್ ಇಲ್ಲಿದ್ದಾನೆ, ಫೆಲ್ಪ್ಸ್ ಅನ್ನುವವರ ವಶದಲ್ಲಿ. ಇನಾಮು ಕಳಿಸಿದರೆ ಒಪ್ಪಿಸುತ್ತಾರೆ. ಇಷ್ಟು ಬರೆದ ಕೂಡಲೇ ಹುಡುಗನ ಎದೆ ಹಗುರಾಗುತ್ತದೆ. ಪಾಪವೆಲ್ಲ ತೊಳೆದುಹೋದ ಹಾಗೆ ಅನಿಸುತ್ತದೆ. ಇನ್ನು ದೇವರ ಹತ್ತಿರ ಬೇಡಿಕೊಳ್ಳಬಹುದು ಅಂದುಕೊಳ್ಳುತ್ತಾನೆ.

ಆದರೆ ಬೇಡಿಕೊಳ್ಳುವುದಿಲ್ಲ. ಕಾಗದ ಕೆಳಗಿಟ್ಟು ಸುಮ್ನೆ ಕೂರುತ್ತಾನೆ. ನದಿ ನೆನಪಾಗುತ್ತದೆ. ಹಗಲು, ಬೆಳದಿಂಗಳು, ಬಿರುಗಾಳಿ. ತೆಪ್ಪದ ಮೇಲಿನ ಮಾತು, ಹಾಡು, ನಗು. ತನ್ನ ಪಾಳಿ ಮುಗಿದರೂ ಜಿಮ್ ಇವನನ್ನು ಎಬ್ಬಿಸದೆ, ಮಲಗಲಿ ಅಂತ ತಾನೇ ಕಾವಲು ಕೂತಿದ್ದು. ಮಂಜಿನಲ್ಲಿ ಕಳೆದುಹೋದವನು ವಾಪಸ್ ಬಂದಾಗ ಜಿಮ್‌ಗೆ ಆದ ಸಂತೋಷ. ನನಗೆ ಈಗ ಇರುವ ಒಬ್ಬನೇ ಗೆಳೆಯ ನೀನು ಅಂತ ಅವನು ಅಂದಿದ್ದು. ಆಮೇಲೆ ಕಣ್ಣು ಮತ್ತೆ ಆ ಕಾಗದದ ಮೇಲೆ ಬೀಳುತ್ತದೆ. ಎತ್ತಿಕೊಳ್ಳುತ್ತಾನೆ. ಕೈ ನಡುಗುತ್ತದೆ. ಉಸಿರು ಬಿಗಿಹಿಡಿದು ನೋಡುತ್ತಾನೆ. ‘ಸರಿ ಹಾಗಾದರೆ, ನಾನು ನರಕಕ್ಕೇ ಹೋಗುತ್ತೇನೆ’ ಅಂದು ಅದನ್ನು ಹರಿದುಹಾಕುತ್ತಾನೆ.

ಇದು ಮಾರ್ಕ್ ಟ್ವೇನ್ ಅವರ ‘ಹಕಲ್‌ಬೆರಿ ಫಿನ್’ ಕಾದಂಬರಿಯ 31ನೇ ಅಧ್ಯಾಯ. ಪುಸ್ತಕ ಇಂಗ್ಲೆಂಡ್, ಕೆನಡಾಗಳಲ್ಲಿ 1884ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 1885ರ ಫೆಬ್ರುವರಿಯಲ್ಲಿ ಬಂತು. ಕತೆ ನಡೆಯುವುದು ಅದಕ್ಕಿಂತ ನಲವತ್ತು ಐವತ್ತು ವರ್ಷ ಹಿಂದೆ, ಮಿಸಿಸಿಪ್ಪಿ ನದಿಯ ಉದ್ದಕ್ಕೂ, ಗುಲಾಮಗಿರಿ ಇನ್ನೂ ಕಾನೂನೇ ಆಗಿದ್ದ ಕಾಲದಲ್ಲಿ. ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಬಿಳಿ ಹುಡುಗ ಹಕ್. ಮಾರಾಟವಾಗುವ ಭಯಕ್ಕೆ ಮಿಸ್ ವಾಟ್ಸನ್ ಮನೆಯಿಂದ ಓಡಿಬಂದ ಗುಲಾಮ ಜಿಮ್. ಇಬ್ಬರೂ ಒಂದೇ ತೆಪ್ಪದ ಮೇಲೆ.

ಅಮೆರಿಕದ ಶಾಲೆಗಳಲ್ಲಿ ಈ ಪುಸ್ತಕ ಓದಿಸಬೇಕೋ ಬೇಡವೋ ಅನ್ನುವ ಜಗಳ ಹಳೆಯದು. ಈಗ ಅದಕ್ಕೆ ಹೊಸದೊಂದು ಸೇರಿಕೊಂಡಿದೆ. 2021ರಿಂದ ಒಕ್ಲಹೋಮಾ, ಟೆನೆಸ್ಸಿ, ಟೆಕ್ಸಸ್‌ನಂಥ ರಾಜ್ಯಗಳು ತರಗತಿಯಲ್ಲಿ ಜನಾಂಗದ ವಿಷಯವನ್ನು ಹೇಗೆ ಕಲಿಸಬೇಕು ಅನ್ನುವುದಕ್ಕೆ ಕಾನೂನು ಮಾಡಿದವು. ತನ್ನ ಜನಾಂಗದ ಕಾರಣಕ್ಕೆ ಯಾರಾದರೂ ಮುಜುಗರ, ತಪ್ಪಿತಸ್ಥ ಭಾವನೆ, ಸಂಕಟ ಪಡಬೇಕು ಎಂದು ಕಲಿಸಕೂಡದು ಅನ್ನುವುದು ಅವುಗಳಲ್ಲಿರುವ ಒಂದು ಮುಖ್ಯ ಮಾತು. ಈ ಕಾನೂನುಗಳು ಹಕ್‌ನ ಹೆಸರು ಎತ್ತುವುದಿಲ್ಲ. ಆದರೆ ಆ ಸಾಲು ಓದಿದಾಗ ನನಗೆ ಮೊದಲು ನೆನಪಾದವನು ಅವನೇ. ಯಾಕೆಂದರೆ ಈ ಕಾದಂಬರಿ ಶುರುವಿನಿಂದ ಕೊನೆತನಕ ತಪ್ಪಿತಸ್ಥ ಭಾವನೆಯ ಕತೆ. ಹಕ್ ಒಳಗೊಳಗೇ ಬೇಯುತ್ತಾನೆ. ಆದರೆ ಅವನು ಬೇಯುವುದು ಗುಲಾಮಗಿರಿಗಾಗಿ ಅಲ್ಲ. ಒಬ್ಬ ಗುಲಾಮನಿಗೆ ಸಹಾಯ ಮಾಡಿದ್ದಕ್ಕಾಗಿ.

ನಾವು ಮಾತುಮಾತಿಗೆ ‘ನಿನ್ನ ಮನಸ್ಸಾಕ್ಷಿಯನ್ನೇ ಕೇಳಿಕೋ’ ಅನ್ನುತ್ತೇವೆ. ಒಳಗೊಬ್ಬ ಸಾಕ್ಷಿ ಇದ್ದಾನೆ, ಅವನು ಸುಳ್ಳು ಹೇಳುವುದಿಲ್ಲ ಅನ್ನುವುದು ನಮ್ಮ ನಂಬಿಕೆ. ಆದರೆ ಕೋರ್ಟು ಕಚೇರಿ ಅಲೆದವರಿಗೆ ಇನ್ನೊಂದು ಮಾತೂ ಗೊತ್ತು, ಹೇಳಿಕೊಟ್ಟ ಸಾಕ್ಷಿ. ಅವನು ಕಟಕಟೆಯಲ್ಲಿ ನಿಂತು ತಡವರಿಸದೆ ಮಾತಾಡುತ್ತಾನೆ. ಎಷ್ಟೋ ಸಲ ತಾನು ಹೇಳುತ್ತಿರುವುದೇ ನಿಜ ಅಂತ ಅವನೂ ನಂಬಿಬಿಟ್ಟಿರುತ್ತಾನೆ. ಹಕ್‌ನ ಮನಸ್ಸಾಕ್ಷಿ ಅಂಥ ಹೇಳಿಕೊಟ್ಟ ಸಾಕ್ಷಿ.

16ನೇ ಅಧ್ಯಾಯ ನೋಡಿ. ಗುಲಾಮಗಿರಿ ಇಲ್ಲದ ನಾಡು ಹತ್ತಿರವಾಗುತ್ತಿದೆ ಅಂತ ಜಿಮ್ ಖುಷಿಯಲ್ಲಿದ್ದಾನೆ. ಬಾಯಿಬಿಟ್ಟು ತನ್ನ ಲೆಕ್ಕಾಚಾರ ಹೇಳುತ್ತಾನೆ. ದುಡಿದು ಒಂದು ಸೆಂಟೂ ಖರ್ಚು ಮಾಡದೆ ಕೂಡಿಡುತ್ತೇನೆ. ಮೊದಲು ಹೆಂಡತಿಯನ್ನು ಕೊಂಡುಕೊಂಡು ಬಿಡಿಸುತ್ತೇನೆ. ಆಮೇಲೆ ಇಬ್ಬರೂ ದುಡಿದು ಎರಡು ಮಕ್ಕಳನ್ನು ಬಿಡಿಸುತ್ತೇವೆ. ಮಕ್ಕಳ ಒಡೆಯ ಮಾರುವುದಿಲ್ಲ ಅಂದರೆ ಕದ್ದಾದರೂ ತರಿಸುತ್ತೇನೆ. ಇದನ್ನು ಕೇಳಿ ಹಕ್‌ಗೆ ಮೈಯೆಲ್ಲ ತಣ್ಣಗಾಗುತ್ತದೆ. ತನಗೆ ಪರಿಚಯವೇ ಇಲ್ಲದ, ತನಗೆ ಯಾವ ಕೇಡೂ ಮಾಡದ ಒಬ್ಬ ಮನುಷ್ಯನ ಸೊತ್ತಾದ ಮಕ್ಕಳನ್ನು ಇವನು ಕದಿಯುತ್ತಾನಂತೆ! ಅಪ್ಪ ತನ್ನ ಮಕ್ಕಳನ್ನೇ ಕದಿಯುವುದು ಹೇಗೆ ಸಾಧ್ಯ ಅನ್ನುವ ಪ್ರಶ್ನೆ ಆ ಹುಡುಗನ ತಲೆಗೆ ಬರುವುದೇ ಇಲ್ಲ. ಟ್ವೇನ್ ಕೂಡ ಎತ್ತುವುದಿಲ್ಲ. ಓದುವವರಿಗೇ ಅದು ಹೊಳೆಯಲಿ ಅಂತ ಬಿಟ್ಟುಬಿಡುತ್ತಾರೆ.

1895ರಲ್ಲಿ ಟ್ವೇನ್ ತಮ್ಮ ಭಾಷಣದ ಟಿಪ್ಪಣಿಯಲ್ಲಿ ಈ ಪುಸ್ತಕದ ತಿರುಳನ್ನು ಒಂದೇ ಸಾಲಿನಲ್ಲಿ ಬರೆದುಕೊಂಡಿದ್ದರು. ಸ್ವಸ್ಥವಾದ ಹೃದಯಕ್ಕೂ ವಿಕಾರಗೊಂಡ ಮನಸ್ಸಾಕ್ಷಿಗೂ ಡಿಕ್ಕಿಯಾಗುತ್ತದೆ, ಮನಸ್ಸಾಕ್ಷಿ ಸೋಲುತ್ತದೆ ಅಂತ.

ಅವರಿಗೆ ಇದು ಹೇಗೆ ಗೊತ್ತು? ತಾವೇ ಹಾಗೆ ಬೆಳೆದಿದ್ದರಿಂದ. 1835ರಲ್ಲಿ ಹುಟ್ಟಿದ ಟ್ವೇನ್ ಬೆಳೆದಿದ್ದು ಮಿಸ್ಸೂರಿ ರಾಜ್ಯದ ಹ್ಯಾನಿಬಲ್ ಅನ್ನುವ ನದಿ ದಡದ ಊರಿನಲ್ಲಿ. ಶಾಲೆಯ ದಿನಗಳಲ್ಲಿ ಗುಲಾಮಗಿರಿ ತಪ್ಪು ಅಂತ ತನಗೆ ಅನಿಸಿರಲೇ ಇಲ್ಲ, ಚರ್ಚಿನಲ್ಲಿ ದೇವರೇ ಅದನ್ನು ಒಪ್ಪಿದ್ದಾನೆ ಎಂದು ಬೋಧಿಸುತ್ತಿದ್ದರು ಎಂದು ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಮನೆಯಲ್ಲಿ ಸ್ಯಾಂಡಿ ಅನ್ನುವ ಪುಟ್ಟ ಗುಲಾಮ ಹುಡುಗನಿದ್ದ. ದೂರದ ಮೇರಿಲ್ಯಾಂಡ್‌ನಿಂದ, ಹೆತ್ತವರಿಂದ ಬೇರೆ ಮಾಡಿ ತಂದವನು. ದಿನವಿಡೀ ಹಾಡು, ಶಿಳ್ಳೆ, ಕೇಕೆ. ಒಂದು ದಿನ ತಡೆಯಲಾರದೆ ಟ್ವೇನ್ ಅಮ್ಮನ ಹತ್ತಿರ ಓಡಿ, ಗಂಟೆಯಿಂದ ಹಾಡುತ್ತಲೇ ಇದ್ದಾನೆ, ಬಾಯಿ ಮುಚ್ಚಿಸು ಅಂದರು. ಅಮ್ಮನ ಕಣ್ಣಲ್ಲಿ ನೀರು ಬಂತು. ಅವನು ಹಾಡುತ್ತಿದ್ದಾನೆ ಅಂದರೆ ನೆನಪು ಮಾಡಿಕೊಳ್ಳುತ್ತಿಲ್ಲ ಅಂತ, ಅದೇ ನನಗೆ ಸಮಾಧಾನ. ಸುಮ್ಮನಾದರೆ ಏನೋ ಯೋಚಿಸುತ್ತಿದ್ದಾನೆ ಅಂತ ಭಯ. ಅವನು ಇನ್ನು ಯಾವತ್ತೂ ತನ್ನ ಅಮ್ಮನನ್ನು ನೋಡುವುದಿಲ್ಲ. ಆ ತಾಯಿ ಹೇಳಿದ ಮಾತಿನ ಸಾರ ಇದು. ಅವರ ಕರುಳು ನಿಜ, ಆ ಕಣ್ಣೀರೂ ನಿಜ. ಆದರೂ ಆ ಹುಡುಗ ಗುಲಾಮನಾಗಿಯೇ ಆ ಮನೆಯಲ್ಲಿ ಉಳಿದ. ಒಳ್ಳೆಯವರು ಇದ್ದಾರೆ ಅನ್ನುವುದರಿಂದ ಏನೂ ಬದಲಾಗಲಿಲ್ಲ.

ಇದೇ ನೆನಪು ಅವರಿಗೆ ಐವತ್ತು ವರ್ಷದ ನಂತರ ನಮ್ಮ ದೇಶದಲ್ಲಿ ಮತ್ತೆ ಕೆದಕಿಕೊಂಡು ಬಂತು. 1896ರ ಜನವರಿಯಲ್ಲಿ ಟ್ವೇನ್ ಬೊಂಬಾಯಿಯ ಹೋಟೆಲೊಂದರಲ್ಲಿ ಇಳಿದಿದ್ದರು. ಕೋಣೆ ತೋರಿಸಲು ಬಂದಿದ್ದ ದಪ್ಪನೆಯ ಜರ್ಮನ್ ಸಾಹೇಬ ಬಾಗಿಲು ಸರಿಪಡಿಸಲು ಒಬ್ಬ ಕೆಲಸದವನನ್ನು ಹಚ್ಚಿದ. ಅವನ ಕೆಲಸ ಸರಿ ಕಾಣಲಿಲ್ಲ. ಏನು ತಪ್ಪು ಅಂತ ಹೇಳುವ ಮೊದಲೇ ಸಾಹೇಬ ಅವನ ದವಡೆಗೆ ಬಾರಿಸಿದ, ಆಮೇಲೆ ತಪ್ಪು ಹೇಳಿದ. ಹೊಡೆಸಿಕೊಂಡವನು ತುಟಿ ಪಿಟಕ್ಕೆನ್ನಲಿಲ್ಲ. ಟ್ವೇನ್‌ಗೆ ತಟ್ಟನೆ ಬಾಲ್ಯ ನೆನಪಾಯಿತು. ತಮ್ಮನ್ನು ಎರಡೇ ಎರಡು ಸಲ ಹೊಡೆದಿದ್ದ ಸಾಧು ಸ್ವಭಾವದ ಅಪ್ಪ, ಲೂಯಿಸ್ ಅನ್ನುವ ಗುಲಾಮ ಹುಡುಗನಿಗೆ ಸಣ್ಣಪುಟ್ಟದ್ದಕ್ಕೂ ಬಾರಿಸುತ್ತಿದ್ದದ್ದು ನೆನಪಾಯಿತು. ಆಗ ಅದು ಸಹಜ ಅನಿಸುತ್ತಿತ್ತು, ಆದರೂ ಏಟು ತಿಂದವನ ಬಗ್ಗೆ ಮರುಕ, ಹೊಡೆದವರ ಬಗ್ಗೆ ನಾಚಿಕೆ ಆಗುತ್ತಿತ್ತು ಎಂದು ಮರುವರ್ಷ ಬಂದ ಪ್ರವಾಸ ಕಥನದಲ್ಲಿ ಬರೆದರು. ಹತ್ತು ವರ್ಷದವರಿದ್ದಾಗ, ಕೆಲಸದಲ್ಲಿ ಏನೋ ಒಡ್ಡೊಡ್ಡಾಗಿ ಮಾಡಿದ ಅಂತ ಯಾರೋ ಒಬ್ಬ ಮನುಷ್ಯ ಗುಲಾಮನೊಬ್ಬನ ತಲೆಗೆ ಕಬ್ಬಿಣದ ಅದಿರಿನ ಗಟ್ಟಿ ಎಸೆದು ಕೊಂದದ್ದನ್ನು ಕಣ್ಣಾರೆ ಕಂಡಿದ್ದನ್ನೂ ಅಲ್ಲೇ ಹೇಳಿದ್ದಾರೆ.

ಸಹಜ ಅನಿಸುವುದು, ಜೊತೆಗೇ ಒಳಗೆಲ್ಲೋ ನಾಚಿಕೆಯಾಗುವುದು. ಇವೆರಡೂ ಒಂದೇ ಮಗುವಿನ ಒಳಗೆ ಒಟ್ಟಿಗೆ ಇರಬಲ್ಲವು. ಇದು ನನಗೆ ಬಲು ಚೆನ್ನಾಗಿ ಗೊತ್ತು. ನಮ್ಮ ಅಜ್ಜಿ ಮನೆಯ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಒಂದು ತೆಂಗಿನ ಚಿಪ್ಪು ಸಿಕ್ಕಿಸಿಟ್ಟಿರುತ್ತಿದ್ದರು. ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ಅದನ್ನು ತಾವೇ ತೆಗೆದು, ತೊಳೆದು, ಹಿಡಿಯುತ್ತಿದ್ದರು. ಮೇಲಿನಿಂದ ಕಾಫಿ ಹುಯ್ಯಬೇಕು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅವರು ನೀರು ಕೇಳಿದರು. ನಾನು ಒಳಗಿನ ಲೋಟದಲ್ಲೇ ಕೊಟ್ಟುಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಎತ್ತಿ ಕುಡಿದು, ಲೋಟವನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು. ಆ ಲೋಟವನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದೆ. ರಾತ್ರಿ ದೇವರ ಮುಂದೆ ಕೂತಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅಜ್ಜಿಗೆ ಹೇಳಲೇ ಇಲ್ಲ. ಚಿಪ್ಪಿನಲ್ಲಿ ಕಾಫಿ ಹುಯ್ದ ನೂರು ದಿನ ನನಗೆ ಒಂದು ಸಲವೂ ಹಾಗೆ ಆಗಿರಲಿಲ್ಲ. ಮುಂದೆ ಹಕ್‌ನ ಚೀಟಿಯ ಪ್ರಸಂಗ ಓದಿದಾಗ ಆ ಲೋಟ ಕಣ್ಣ ಮುಂದೆ ಬಂತು.

ಹಾಗಾಗಿ ಹಕ್ ನನಗೆ ಬಹಳ ಹತ್ತಿರದವನು. ಆದರೆ ಅವನನ್ನು ವೀರನೆಂದು ಕೊಂಡಾಡಿ ಪುಸ್ತಕ ಮುಚ್ಚಿಡುವವರ ಬಗ್ಗೆ ನನ್ನದೊಂದು ತಕರಾರಿದೆ. ಚೀಟಿ ಹರಿದ ಮರು ಅಧ್ಯಾಯಕ್ಕೇ ಬನ್ನಿ. ಹಕ್ ಫೆಲ್ಪ್ಸ್ ಮನೆಗೆ ಹೋಗಿ, ಸ್ಟೀಮರಿನ ಎಂಜಿನ್ ಸಿಡಿಯಿತು ಅಂತ ಒಂದು ಸುಳ್ಳು ಹೊಸೆಯುತ್ತಾನೆ. ಅಯ್ಯೋ, ಯಾರಿಗಾದರೂ ಪೆಟ್ಟಾಯಿತಾ ಅಂತ ಆ ಮನೆಯಾಕೆ ಕೇಳುತ್ತಾಳೆ. ಇಲ್ಲಮ್ಮ, ಒಬ್ಬ ಕಪ್ಪು ಮನುಷ್ಯ ಸತ್ತ ಅನ್ನುತ್ತಾನೆ ಹಕ್, ಬಳಸುವುದು ಆ ಹೀನ ಪದವನ್ನೇ. ಸದ್ಯ ಬಚಾವು, ಕೆಲವು ಸಲ ಜನಕ್ಕೆ ಪೆಟ್ಟಾಗುತ್ತದೆ ಅನ್ನುತ್ತಾಳೆ ಆಕೆ. ಆ ಹೆಂಗಸು ಕೆಟ್ಟವಳಲ್ಲ, ಮನೆಗೆ ಬಂದ ಹುಡುಗನನ್ನು ತಬ್ಬಿಕೊಳ್ಳುವಂಥವಳು. ಹಕ್ ಕೂಡ ಈಗಷ್ಟೇ ನರಕಕ್ಕೆ ಹೋಗಲು ತಯಾರಾದವನು. ಆದರೂ ಇಬ್ಬರ ‘ಜನ’ ಅನ್ನುವ ಲೆಕ್ಕದಲ್ಲಿ ಸತ್ತವನು ಬರುವುದಿಲ್ಲ. ಹಕ್ ಉಳಿಸಲು ಹೊರಟಿದ್ದು ಜಿಮ್ ಎಂಬ ಒಬ್ಬ ಗೆಳೆಯನನ್ನು. ಗುಲಾಮಗಿರಿ ತಪ್ಪು ಅನ್ನುವ ತೀರ್ಮಾನಕ್ಕೆ ಅವನು ಕೊನೆಯವರೆಗೂ ಬರುವುದಿಲ್ಲ. ನಾನು ಕೆಟ್ಟವನು, ಅದಕ್ಕೇ ಹೀಗೆ ಮಾಡುತ್ತಿದ್ದೇನೆ ಅಂದುಕೊಂಡೇ ಇರುತ್ತಾನೆ.

ಇನ್ನು ಜಿಮ್. ಅವನನ್ನು ನಾವು ನೋಡುವುದೇ ಹಕ್‌ನ ಕಣ್ಣಿನಿಂದ. ಆ ಕಾಲದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಆಡಿಕೊಂಡು ನಗಿಸುವ ಮಿನ್‌ಸ್ಟ್ರೆಲ್ ಆಟಗಳು ಭಾರಿ ಜನಪ್ರಿಯ, ಟ್ವೇನ್‌ಗೂ ಇಷ್ಟ. ಕಪ್ಪು ಲೇಖಕ ರಾಲ್ಫ್ ಎಲಿಸನ್ 1958ರಲ್ಲಿ ಇದನ್ನೇ ಗುರುತಿಸಿದರು. ಟ್ವೇನ್ ಜಿಮ್‌ಗೆ ಆ ಆಟದ ಮುಖವಾಡವನ್ನೇ ಹಾಕಿದ್ದಾರೆ, ಅವನ ಘನತೆ ಕಾಣುವುದು ಅದರ ಹಿಂದಿನಿಂದ ಎಂದರು. ನನ್ನ ಓದಿನಲ್ಲಿ ಆ ಮುಖವಾಡ ಚೆನ್ನಾಗಿ ಸರಿಯುವುದು 15ನೇ ಅಧ್ಯಾಯದಲ್ಲಿ. ದಟ್ಟ ಮಂಜಿನಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಹಕ್ ಸತ್ತೇಹೋದ ಅಂತ ಜಿಮ್ ಅತ್ತೂ ಅತ್ತೂ ನಿದ್ದೆಹೋಗಿದ್ದಾನೆ. ವಾಪಸ್ ಬಂದ ಹಕ್, ನಾನು ಎಲ್ಲೂ ಹೋಗಿರಲಿಲ್ಲ, ನಿನಗೆ ಕನಸು ಬಿದ್ದಿದೆ ಅಂತ ತಮಾಷೆ ಮಾಡುತ್ತಾನೆ. ಜಿಮ್ ನಂಬುತ್ತಾನೆ. ಆಮೇಲೆ ತೆಪ್ಪದ ಮೇಲೆ ಬಿದ್ದ ಎಲೆ, ಕಸ, ಮುರಿದ ಹುಟ್ಟು ಕಾಣುತ್ತದೆ. ಅವನು ನಗುವುದಿಲ್ಲ. ನೀನು ಬದುಕಿ ಬಂದದ್ದು ನೋಡಿ ನಿನ್ನ ಪಾದಕ್ಕೆ ಮುತ್ತಿಡಬೇಕು ಅನಿಸಿತು, ನೀನು ಮಾತ್ರ ನನ್ನನ್ನು ಹೇಗೆ ಮಂಗ ಮಾಡಲಿ ಅಂತ ನೋಡುತ್ತಿದ್ದೆ. ಅಗೋ ಅದು ಕಸ. ಗೆಳೆಯನ ತಲೆಗೆ ಮಣ್ಣು ಹಾಕಿ ಅವನಿಗೆ ನಾಚಿಕೆಯಾಗುವ ಹಾಗೆ ಮಾಡುವವರೂ ಕಸವೇ. ಇಷ್ಟು ಹೇಳಿ ಎದ್ದು ಒಳಗೆ ಹೋಗುತ್ತಾನೆ. ಹಕ್‌ಗೆ ಕ್ಷಮೆ ಕೇಳಲು ಹದಿನೈದು ನಿಮಿಷ ಬೇಕಾಗುತ್ತದೆ. ಕೇಳುತ್ತಾನೆ.

ಅಮೆರಿಕದ ಸಾಹಿತ್ಯದಲ್ಲೇ ಇದು ಒಂದು ದೊಡ್ಡ ಕ್ಷಣ ಅಂತ ನನ್ನ ಭಾವನೆ. ಆದರೆ ಪುಸ್ತಕದ ಕೊನೆಯ ಭಾಗ ಬಂದಾಗ ಅದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗುತ್ತದೆ. ಫೆಲ್ಪ್ಸ್ ತೋಟದ ಗುಡಿಸಲಿನಲ್ಲಿ ಜಿಮ್‌ನನ್ನು ಮಂಚಕ್ಕೆ ಸರಪಳಿ ಹಾಕಿ ಕೂಡಿದ್ದಾರೆ. ಬಿಡಿಸುವುದು ಸುಲಭ. ಮಂಚ ಎತ್ತಿದರೆ ಸರಪಳಿ ಬಂತು. ಆದರೆ ಅಲ್ಲಿಗೆ ಹಕ್‌ನ ಗೆಳೆಯ ಟಾಮ್ ಸಾಯರ್ ಬರುತ್ತಾನೆ. ಅವನು ಓದಿದ ಸಾಹಸ ಕತೆಗಳಲ್ಲಿ ಕೈದಿಗಳು ಹೀಗೆಲ್ಲ ಸುಮ್ನೆ ತಪ್ಪಿಸಿಕೊಳ್ಳುವುದಿಲ್ಲ. ಹಾಗಾಗಿ ಗುಡಿಸಲಿಗೆ ಇಲಿ, ಹಾವು, ಜೇಡ ತಂದು ಬಿಡಬೇಕು. ಜಿಮ್ ರಕ್ತದಲ್ಲಿ ಅಂಗಿಯ ಮೇಲೆ ದಿನಚರಿ ಬರೆಯಬೇಕು. ಕಲ್ಲಿನ ಮೇಲೆ ದುಃಖದ ಸಾಲುಗಳನ್ನು ಕೆತ್ತಬೇಕು. ಕಲ್ಲೆಲ್ಲಿ? ಗಿರಣಿಯ ಹತ್ತಿರ ದೊಡ್ಡದೊಂದು ಸಾಣೆಕಲ್ಲಿದೆ. ಹುಡುಗರಿಬ್ಬರ ಕೈಯಲ್ಲಿ ಅದು ಉರುಳುವುದಿಲ್ಲ. ಆಗ ಏನು ಮಾಡುತ್ತಾರೆ ಗೊತ್ತಾ? ಜಿಮ್ ಮಂಚ ಎತ್ತಿ, ಸರಪಳಿ ಬಿಡಿಸಿ, ಅದನ್ನು ಕುತ್ತಿಗೆಗೆ ಸುತ್ತಿಕೊಂಡು, ಕಿಂಡಿಯಿಂದ ಆಚೆ ಬಂದು, ಆ ಕಲ್ಲನ್ನು ಉರುಳಿಸಿಕೊಂಡು ಬಂದು, ಮತ್ತೆ ತನ್ನ ಸೆರೆಮನೆಗೆ ತಾನೇ ಹೊಕ್ಕು ಕೂರುತ್ತಾನೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೊನೆಗೆ ಗೊತ್ತಾಗುವ ಸಂಗತಿ ಇನ್ನೂ ಹೊಟ್ಟೆ ಉರಿಸುವಂಥದ್ದು. ಮಿಸ್ ವಾಟ್ಸನ್ ಎರಡು ತಿಂಗಳ ಹಿಂದೆಯೇ ಸತ್ತಿದ್ದಾಳೆ, ಉಯಿಲಿನಲ್ಲಿ ಜಿಮ್‌ನನ್ನು ಬಿಡುಗಡೆ ಮಾಡಿದ್ದಾಳೆ. ಟಾಮ್‌ಗೆ ಇದು ಮೊದಲೇ ಗೊತ್ತಿತ್ತು. ಸಾಹಸದ ರುಚಿ ಕೆಡುತ್ತದೆ ಅಂತ ಹೇಳಿರಲಿಲ್ಲ. ಓಡಿಹೋಗುವಾಗ ಟಾಮ್‌ನ ಕಾಲಿಗೆ ಗುಂಡು ತಗುಲಿದಾಗ, ಡಾಕ್ಟರನ್ನು ಕರೆಸದೆ ಒಂದು ಹೆಜ್ಜೆಯೂ ಇಡುವುದಿಲ್ಲ ಅಂತ ನಿಂತವನು ಜಿಮ್. ಅದರಿಂದಲೇ ಸಿಕ್ಕಿಬಿದ್ದು ಏಟು ತಿಂದ.

ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲಿ, ಆಧುನಿಕ ಅಮೆರಿಕನ್ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂತು ಎಂದು ಹೊಗಳಿ, ಕೊನೆಯ ಭಾಗ ಮಾತ್ರ ಮೋಸ, ಅದಕ್ಕೂ ಮುಂಚೆಯೇ ಓದು ನಿಲ್ಲಿಸಿ ಎಂದರು. ಬೇರೆ ರೀತಿ ಓದುವವರೂ ಇದ್ದಾರೆ. ಟ್ವೇನ್ ಬರೆಯಲು ಶುರು ಮಾಡಿದ್ದು 1876ರಲ್ಲಿ, ಮುಗಿಸಿದ್ದು 1883ರಲ್ಲಿ. ಈ ನಡುವೆ, 1877ರಲ್ಲಿ ದಕ್ಷಿಣದ ರಾಜ್ಯಗಳಿಂದ ಕೇಂದ್ರದ ಸೇನೆ ಹಿಂದೆ ಸರಿಯಿತು. 1865ರಲ್ಲಿ ಬಿಡುಗಡೆಯಾದ ಜನ ಮತ್ತೆ ಹಳೆಯ ಒಡೆಯರ ಕೈಗೆ ಸಿಕ್ಕರು. ಹೋಟೆಲು, ರೈಲುಗಳಲ್ಲಿ ಸಮಾನತೆ ಕೊಡುತ್ತಿದ್ದ 1875ರ ಕಾಯಿದೆಯನ್ನು 1883ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಕಾನೂನಿನ ಪ್ರಕಾರ ಬಿಡುಗಡೆಯಾದವನನ್ನು ಸರಪಳಿಯಲ್ಲಿಟ್ಟು ‘ಬಿಡಿಸುವ’ ಆಟ ಆಡಿದ್ದು ಇಡೀ ದೇಶವೇ, ಟಾಮ್ ಅದರ ಚಿಕ್ಕ ಪ್ರತಿರೂಪ ಅನ್ನುವುದು ಈ ಓದು. ನನಗೆ ಇದು ಅರ್ಧ ಒಪ್ಪಿಗೆ. ದೇಶದ ಮೇಲಿನ ಟೀಕೆ ಇರಬಹುದು. ಆದರೆ ಆ ಟೀಕೆಗಾಗಿಯೂ ಇಲಿ ಕಚ್ಚಿಸಿಕೊಂಡವನು ಜಿಮ್ ಒಬ್ಬನೇ. ಹಕ್‌ನ ಮನಸ್ಸು ಹರಿತವಾಗಲು, ಟಾಮ್‌ನ ಆಟ ರಂಗೇರಲು ಅವನು ಸಾಣೆಕಲ್ಲಾದ.

ಇಲ್ಲಿ ಬಾಲ್ಯದ ಪ್ರಶ್ನೆ ಬರುತ್ತದೆ. ಅಮೆರಿಕದ ಹಳೆಯ ಕಾದಂಬರಿಗಳಲ್ಲಿ ‘ಹುಡುಗ’ ಅಂದರೆ ಸ್ವಾತಂತ್ರ್ಯ. ಬರಿಗಾಲು, ನದಿ, ಸುಳ್ಳು, ಕಳ್ಳತನ, ಎಲ್ಲಕ್ಕೂ ಮಾಫಿ. ಆದರೆ ಅದೇ ಕಾಲದಲ್ಲಿ, ಅದರ ನಂತರವೂ, ಹೆಂಡತಿ ಮಕ್ಕಳಿರುವ ಕಪ್ಪು ಗಂಡಸನ್ನು ‘ಬಾಯ್’ ಅಂತ ಕರೆಯುವುದು ರೂಢಿ. ಅಂದರೆ ಬಿಳಿ ಹುಡುಗನಿಗೆ ಹುಡುಗುತನ ಒಂದು ಹಕ್ಕು, ಕಪ್ಪು ಗಂಡಸಿಗೆ ಅದೇ ಒಂದು ಶಿಕ್ಷೆ. 1968ರಲ್ಲಿ ಇದೇ ಮಿಸಿಸಿಪ್ಪಿ ದಡದ ಮೆಂಫಿಸ್ ಊರಿನಲ್ಲಿ ಕಸ ಎತ್ತುವ ಕಾರ್ಮಿಕರು ಮುಷ್ಕರ ಹೂಡಿದಾಗ, ಅವರ ಕೈಯ ಫಲಕದಲ್ಲಿ ಇದ್ದದ್ದು ಒಂದೇ ಸಾಲು, ‘ಐ ಆ್ಯಮ್ ಎ ಮ್ಯಾನ್’. ನಾನು ಗಂಡಸು, ನಾನು ಮನುಷ್ಯ.

ಹಾಗಾದರೆ ಕಪ್ಪು ಹುಡುಗನಿಗೆ ಹುಡುಗುತನ ಸಿಕ್ಕಿತಾ? ಟಾಮ್, ಹಕ್‌ಗಳಷ್ಟೇ ವಯಸ್ಸಿನ ನಿಜವಾದ ಹುಡುಗನೊಬ್ಬನ ಕತೆ ನಮಗೆ ಸಿಗುತ್ತದೆ. ಫ್ರೆಡರಿಕ್ ಡಗ್ಲಸ್, ಗುಲಾಮಗಿರಿಯಿಂದ ತಪ್ಪಿಸಿಕೊಂಡು 1845ರಲ್ಲಿ ತಮ್ಮ ಜೀವನ ಕಥನ ಬರೆದವರು. ಬಾಲ್ಟಿಮೋರ್‌ನ ಮನೆಯಲ್ಲಿ ಒಡತಿ ಅವರಿಗೆ ಅಕ್ಷರ ಕಲಿಸಲು ಶುರು ಮಾಡಿದ್ದಳು, ಒಡೆಯ ನಿಲ್ಲಿಸಿದ. ಅಂದಿನಿಂದ ಆ ಹುಡುಗ ಹೊರಗೆ ಹೋಗುವಾಗ ಜೇಬಿನಲ್ಲಿ ಬ್ರೆಡ್ ಇಟ್ಟುಕೊಳ್ಳುತ್ತಿದ್ದ. ಬೀದಿಯ ಬಡ ಬಿಳಿ ಹುಡುಗರು ಹಸಿದಿರುತ್ತಿದ್ದರು. ಬ್ರೆಡ್ ಕೊಟ್ಟು ಅವರಿಂದ ಅಕ್ಷರ ತೆಗೆದುಕೊಳ್ಳುತ್ತಿದ್ದ. ನಿಮಗೆ ಇಪ್ಪತ್ತೊಂದಾದ ಕೂಡಲೇ ನೀವು ಸ್ವತಂತ್ರರು, ನಾನು ಮಾತ್ರ ಸಾಯುವ ತನಕ ಗುಲಾಮ ಅಂತ ಅವರಿಗೆ ಹೇಳುತ್ತಿದ್ದನಂತೆ. ಈ ಮಾತು ಆ ಹುಡುಗರಿಗೆ ಚುಚ್ಚುತ್ತಿತ್ತು, ಮರುಗುತ್ತಿದ್ದರು, ಏನಾದರೂ ದಾರಿ ಆದೀತು ಅಂತ ಸಮಾಧಾನ ಹೇಳುತ್ತಿದ್ದರು. ದೊಡ್ಡವನಾಗಿ ಈ ಕಥನ ಬರೆದಾಗಲೂ ಡಗ್ಲಸ್ ಅದರಲ್ಲಿ ಆ ಹುಡುಗರ ಹೆಸರು ಹಾಕಲಿಲ್ಲ, ಗುಲಾಮನಿಗೆ ಓದು ಕಲಿಸಿದವರು ಅಂತ ಅವರಿಗೆ ತೊಂದರೆಯಾಗಬಾರದಲ್ಲ. ಹಕ್‌ನ ಒಳಗಿನ ಜಗಳವನ್ನು ಹೊರಗಿನಿಂದ, ಎದುರು ನಿಂತ ಕಪ್ಪು ಹುಡುಗನ ಕಣ್ಣಿನಿಂದ ನೋಡಬೇಕಾದರೆ ಈ ಎರಡು ಪುಟ ಓದಬೇಕು.

1955ರಲ್ಲಿ ಶಿಕಾಗೋದ ಎಮೆಟ್ ಟಿಲ್ ಮಿಸಿಸಿಪ್ಪಿ ರಾಜ್ಯದ ನೆಂಟರ ಮನೆಗೆ ರಜೆಗೆ ಹೋದ. ಹದಿನಾಲ್ಕು ವರ್ಷ, ಹಕ್‌ನ ವಯಸ್ಸು. ಅಂಗಡಿಯ ಬಿಳಿ ಹೆಂಗಸಿನ ಜೊತೆ ಅನುಚಿತವಾಗಿ ನಡೆದುಕೊಂಡ ಎಂಬ ಆರೋಪಕ್ಕೆ ಅವನನ್ನು ಕೊಂದು ನದಿಗೆ ಎಸೆದರು. 2014ರಲ್ಲಿ ಕ್ಲೀವ್‌ಲ್ಯಾಂಡ್‌ನ ಪಾರ್ಕಿನಲ್ಲಿ ಆಟದ ಪಿಸ್ತೂಲು ಹಿಡಿದಿದ್ದ ಟಮೀರ್ ರೈ‌ಸ್‌ನನ್ನು ಪೊಲೀಸರು ಬಂದ ಕ್ಷಣಗಳಲ್ಲೇ ಗುಂಡಿಟ್ಟು ಕೊಂದರು. ಅವನಿಗೆ ಹನ್ನೆರಡು ವರ್ಷ. ಗುಂಡು ಹಾರಿದ ಮೇಲೆ ವೈರ್‌ಲೆಸ್‌ನಲ್ಲಿ ಹೋದ ಮಾತು, ಕಪ್ಪು ಗಂಡಸು, ಬಹುಶಃ ಇಪ್ಪತ್ತು ವರ್ಷ. ಟಾಮ್ ಸಾಯರ್‌ನ ಆಟಗಳನ್ನು ಓದಿ ನಗುವಾಗ ಈ ಲೆಕ್ಕ ನನಗೆ ಮರೆಯುವುದಿಲ್ಲ.

ಈಗ ಆ ಪದದ ವಿಷಯ. ಕಪ್ಪು ಜನರನ್ನು ಹೀಗಳೆಯುವ, ಅಮೆರಿಕದಲ್ಲಿ ಇಂದು ‘ಎನ್ ಪದ’ ಅಂತಷ್ಟೇ ಹೇಳುವ ಆ ಮಾತು ಈ ಪುಸ್ತಕದಲ್ಲಿ 200ಕ್ಕೂ ಜಾಸ್ತಿ ಸಲ ಬರುತ್ತದೆ. 1885ರಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್ಕರ್ಡ್ ಗ್ರಂಥಾಲಯ ಪುಸ್ತಕವನ್ನು ಹೊರಗಿಟ್ಟಾಗ ಅದರ ಕಾರಣ ಬೇರೆಯೇ ಇತ್ತು. ಒರಟು ಭಾಷೆ, ಕೀಳು ಅಭಿರುಚಿ ಅನ್ನುವುದು ಅವರ ದೂರು. ಪದದ ನೋವು ದೊಡ್ಡದಾಗಿ ಕೇಳಿಬಂದದ್ದು ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಂದೇ ತರಗತಿಯಲ್ಲಿ ಕೂರಬೇಕೆಂಬ 1954ರ ತೀರ್ಪಿನ ನಂತರ. 1957ರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಣ ಮಂಡಳಿ ಕೆಳಗಿನ ತರಗತಿಗಳ ಪಠ್ಯದ ಪಟ್ಟಿಯಿಂದ ಇದನ್ನು ತೆಗೆಯಿತು. 1982ರಲ್ಲಿ ವರ್ಜೀನಿಯಾದಲ್ಲಿ ಮಾರ್ಕ್ ಟ್ವೇನ್ ಹೆಸರಿನದೇ ಶಾಲೆಯಲ್ಲಿ ಕಪ್ಪು ಅಧಿಕಾರಿಯೊಬ್ಬರು ಇದು ಬೇಡ ಅಂದರು.

ಅವರನ್ನು ಸಾಹಿತ್ಯ ಗೊತ್ತಿಲ್ಲದವರು ಅಂತ ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ನಮ್ಮಲ್ಲೂ ಜಾತಿಯ ಹೆಸರುಗಳೇ ಬೈಗುಳವಾಗಿವೆ, ಗಾದೆಗಳಲ್ಲಿ ಕೂತಿವೆ. ಹಳೆಯ ಪಾಠದಲ್ಲಿ ಅಂಥದ್ದೊಂದು ಬಂದು, ಮೇಷ್ಟ್ರು ಗಟ್ಟಿಯಾಗಿ ಓದಿದಾಗ, ಇಡೀ ಕ್ಲಾಸು ತಿರುಗಿ ಒಂದು ಮಗುವಿನ ಕಡೆ ನೋಡುತ್ತದಲ್ಲ, ಆ ಮಗುವಿಗೆ ಲೇಖಕರ ಉದ್ದೇಶ ಒಳ್ಳೆಯದಿತ್ತು ಅನ್ನುವುದರಿಂದ ಏನು ಬಂತು?

2011ರಲ್ಲಿ ಅಲಬಾಮದ ಪ್ರಕಾಶನ ಸಂಸ್ಥೆಯೊಂದು ಆ ಪದದ ಜಾಗದಲ್ಲೆಲ್ಲ ‘ಗುಲಾಮ’ ಎಂದು ಹಾಕಿ ಪುಸ್ತಕ ತಂದಿತು. ಮಕ್ಕಳಿಗೆ ನೋವಾಗದಿರಲಿ ಅನ್ನುವ ಆಸೆ ಅರ್ಥವಾಗುತ್ತದೆ, ಆದರೆ ಅದು ತಪ್ಪು ಮದ್ದು. ಹಕ್‌ನ ಅಪ್ಪ ಕುಡಿದು ಒಬ್ಬ ಕಪ್ಪು ಪ್ರೊಫೆಸರ್ ಮೇಲೆ ಹರಿಹಾಯುವ ಪ್ರಸಂಗವಿದೆ. ಆ ಪ್ರೊಫೆಸರ್ ಒಹಾಯೊದ ಸ್ವತಂತ್ರ ಪ್ರಜೆ. ಬಿಳಿ ಅಂಗಿ, ಬಂಗಾರದ ಗಡಿಯಾರ, ಹಲವು ಭಾಷೆ ಬಲ್ಲವನು, ಊರಿನಲ್ಲಿ ವೋಟು ಕೂಡ ಹಾಕಬಲ್ಲವನು. ಅದೇ ಈ ಕುಡುಕನಿಗೆ ಸಹಿಸಲಾಗದ್ದು. ಗುಲಾಮ ಅನ್ನುವುದು ಒಂದು ಸ್ಥಿತಿ, ಕಾನೂನು ಬದಲಾದರೆ ಮುಗಿಯುತ್ತದೆ. ಆ ಹೀನ ಪದ ಕಾನೂನು ಬದಲಾದ ಮೇಲೂ ಉಳಿಯಿತು. ಎರಡನ್ನೂ ಒಂದೇ ಮಾಡಿದರೆ, ಗುಲಾಮಗಿರಿ ಮುಗಿದ ಕೂಡಲೇ ಎಲ್ಲ ಸರಿಹೋಯಿತು ಅನ್ನುವ ಸುಳ್ಳು ಪಾಠ ಮಕ್ಕಳಿಗೆ ಹೋಗುತ್ತದೆ.

ಕಪ್ಪು ಲೇಖಕಿ ಟೋನಿ ಮಾರಿಸನ್ 1996ರಲ್ಲಿ ಈ ಪುಸ್ತಕಕ್ಕೆ ಮುನ್ನುಡಿ ಬರೆದರು. ಮೊದಲು ಓದಿದಾಗ ತಮಗೆ ಭಯವೇ ಆಗಿತ್ತು ಎಂದು ಅದರಲ್ಲಿ ಒಪ್ಪಿಕೊಂಡರು. ಆದರೂ ಶಾಲೆಯಿಂದ ತೆಗೆಯುವುದು ದೊಡ್ಡವರನ್ನು ಸಮಾಧಾನಪಡಿಸಲೇ ಹೊರತು ಮಕ್ಕಳಿಗೆ ಕಲಿಸಲು ಅಲ್ಲ ಎಂದರು. ನನ್ನ ನಿಲುವೂ ಇದೇ, ಒಂದು ಷರತ್ತಿನೊಂದಿಗೆ. ಹಕ್‌ನನ್ನು ಒಬ್ಬನೇ ತರಗತಿಗೆ ಕಳಿಸಬಾರದು, ಜೊತೆಗೆ ಡಗ್ಲಸ್ ಇರಬೇಕು. ಆ ಪದವನ್ನು ಯಾರೂ ಗಟ್ಟಿಯಾಗಿ ಓದುವ ಅಗತ್ಯವಿಲ್ಲ. ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಕೈಯಲ್ಲಿ 23ನೇ ಅಧ್ಯಾಯವನ್ನು ನಿಧಾನವಾಗಿ ಓದಿಸಬೇಕು.

ಅಲ್ಲಿ ಒಂದು ಬೆಳಗಿನ ಜಾವ ಜಿಮ್ ಮಂಡಿಗಳ ನಡುವೆ ತಲೆ ಇಟ್ಟು ನರಳುತ್ತಿದ್ದಾನೆ. ಹಕ್ ಕೇಳಿದಾಗ ಹೇಳುತ್ತಾನೆ. ನಾಲ್ಕು ವರ್ಷದ ಮಗಳು ಎಲಿಜಬೆತ್. ಜ್ವರ ಬಂದು ವಾಸಿಯಾಗಿತ್ತು. ಒಂದು ದಿನ ಬಾಗಿಲು ಮುಚ್ಚು ಅಂದೆ. ನನ್ನ ಕಡೆ ನೋಡಿ ನಗುತ್ತಾ ನಿಂತಳು. ಮತ್ತೆ ಹೇಳಿದೆ, ಮತ್ತೂ ನಕ್ಕಳು. ಕೆನ್ನೆಗೆ ಬಾರಿಸಿದೆ, ಬಿದ್ದುಹೋದಳು. ಆಮೇಲೆ ಗಾಳಿಗೆ ಅದೇ ಬಾಗಿಲು ಅವಳ ಬೆನ್ನ ಹಿಂದೆ ಧಡಾರನೆ ಬಡಿಯಿತು. ಮಗು ಮಿಸುಕಲಿಲ್ಲ. ಮೆಲ್ಲಗೆ ಹಿಂದೆ ಹೋಗಿ ಜೋರಾಗಿ ಕೂಗಿದೆ. ಆಗಲೂ ಮಿಸುಕಲಿಲ್ಲ. ಅವಳಿಗೆ ಕಿವಿಯೂ ಇಲ್ಲ, ಮಾತೂ ಇಲ್ಲ, ಹಕ್. ದೇವರು ನನ್ನನ್ನು ಕ್ಷಮಿಸಬಹುದು, ನಾನು ಬದುಕಿರುವ ತನಕ ನನ್ನನ್ನು ಕ್ಷಮಿಸಿಕೊಳ್ಳುವುದಿಲ್ಲ.

ತಪ್ಪಿತಸ್ಥ ಭಾವನೆ ಮಕ್ಕಳಿಗೆ ಬೇಡ ಅನ್ನುವ ಕಾನೂನುಗಳ ಎದುರು ನಾನು ಇಡುವುದು ಈ ಎರಡು ಪುಟ. ಹಕ್‌ಗೆ ಊರು ಹೇಳಿಕೊಟ್ಟ ನೋವು. ಜಿಮ್‌ಗೆ ಯಾರೂ ಹೇಳಿಕೊಡದ ನೋವು, ತನ್ನ ಕೈ ಮುಟ್ಟಿದ ಕೆನ್ನೆಯಿಂದ ಬಂದದ್ದು. ಎರಡೂ ಒಂದೇ ಪುಸ್ತಕದಲ್ಲಿವೆ. ಇವೆರಡರ ವ್ಯತ್ಯಾಸ ಮಕ್ಕಳಿಗೆ ತಿಳಿಯಬೇಕಾದರೆ ಮೊದಲು ಎರಡೂ ಅವರಿಗೆ ತಾಗಬೇಕು ಅಲ್ವಾ?

ಪುಸ್ತಕದ ಕೊನೆಗೆ ಟಾಮ್, ಕೈದಿಯಾಗಿ ತಾಳ್ಮೆಯಿಂದ ಇದ್ದದ್ದಕ್ಕೆ ಜಿಮ್‌ಗೆ 40 ಡಾಲರ್ ಕೊಡುತ್ತಾನೆ. ಈ 40 ಮೂರನೇ ಸಲ ಬರುತ್ತಿರುವುದು. ಓಡಿಹೋದ ಗುಲಾಮರನ್ನು ಹುಡುಕುತ್ತಿದ್ದ ಇಬ್ಬರು, ತೆಪ್ಪದಲ್ಲಿ ಸಿಡುಬು ಇದೆ ಅಂತ ಹೆದರಿ ಹಕ್‌ಗೆ ಕೊಟ್ಟುಹೋದ ಚಿನ್ನದ ನಾಣ್ಯಗಳು 40 ಡಾಲರ್. ವಂಚಕನೊಬ್ಬ ಜಿಮ್‌ನನ್ನು ಮಾರಿದ್ದು 40 ಡಾಲರಿಗೆ. ಮಿಸ್ ವಾಟ್ಸನ್‌ಗೆ ಅವನ ಬೆಲೆ 800 ಎಂದಿದ್ದರು. ಓಡಿಬಂದ ಹೊಸದರಲ್ಲಿ ಜಿಮ್, ಈಗ ನನಗೆ ನಾನೇ ಒಡೆಯ, ಅಂದರೆ ನಾನು 800 ಡಾಲರಿನ ಸಾಹುಕಾರ ಎಂದಿದ್ದ. ಈಗ ಕೈಯಲ್ಲಿ 40 ಹಿಡಿದು, ಮತ್ತೆ ಸಾಹುಕಾರನಾಗುತ್ತೇನೆ ಅಂದಿದ್ದೆನಲ್ಲ ಅಂತ ಹಿಗ್ಗುತ್ತಾನೆ. ಆ ದುಡ್ಡಿಗೆ ಹೆಂಡತಿಯೂ ಬರುವುದಿಲ್ಲ, ಮಕ್ಕಳೂ ಬರುವುದಿಲ್ಲ. ಹಕ್ ಪಶ್ಚಿಮದ ಕಾಡುನಾಡಿಗೆ ಹೊರಡುವ ಯೋಚನೆಯಲ್ಲಿದ್ದಾನೆ. ಎಲಿಜಬೆತ್, ಜಿಮ್‌ನ ಇನ್ನೊಂದು ಮಗು ಜಾನಿ, ಅವರ ತಾಯಿ ಏನಾದರು ಅಂತ ಯಾರೂ ಕೇಳುವುದಿಲ್ಲ.

2024ರಲ್ಲಿ ಕಪ್ಪು ಕಾದಂಬರಿಕಾರ ಪರ್ಸಿವಲ್ ಎವರೆಟ್ ಇದೇ ಕತೆಯನ್ನು ಜಿಮ್‌ನ ಬಾಯಲ್ಲಿ ಹೇಳಿಸಿ ‘ಜೇಮ್ಸ್’ ಬರೆದರು. ಅದಕ್ಕೆ ಆ ವರ್ಷದ ನ್ಯಾಷನಲ್ ಬುಕ್ ಅವಾರ್ಡ್, 2025ರಲ್ಲಿ ಪುಲಿಟ್ಜರ್ ಬಂತು. ಈ ಜೇಮ್ಸ್ ಕದ್ದು ಓದಿದವನು, ಪುಸ್ತಕಗಳ ಜೊತೆ ವಾದ ಮಾಡುವವನು. ಬಿಳಿಯರ ಮುಂದೆ ತೊದಲು ಭಾಷೆ ಆಡುವುದು ಹೇಗೆ ಅಂತ ಮಕ್ಕಳಿಗೆ ಪಾಠ ಮಾಡುತ್ತಾನೆ, ಯಾಕೆಂದರೆ ಸರಿಯಾಗಿ ಮಾತಾಡಿದರೆ ಜೀವಕ್ಕೆ ಅಪಾಯ. ಎಲಿಸನ್ ಹೇಳಿದ ಮುಖವಾಡವನ್ನು ಇಲ್ಲಿ ಅವನೇ ಬೇಕೆಂದು ಹಾಕಿಕೊಂಡಿದ್ದಾನೆ. ಅವನ ಕೈಯಲ್ಲೂ ಒಂದು ಪೆನ್ಸಿಲ್ಲಿದೆ. ಅವನಿಗೆ ಅದನ್ನು ಕದ್ದು ತಂದುಕೊಟ್ಟವನು ಇನ್ನೊಬ್ಬ ಗುಲಾಮ. ಆ ಕಳ್ಳತನಕ್ಕಾಗಿ ಅವನನ್ನು ಮರಕ್ಕೆ ನೇತುಹಾಕಿದರು. ಆ ಪೆನ್ಸಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಜೇಮ್ಸ್, ಹೆಂಡತಿ ಮತ್ತು ಮಗಳನ್ನು ಕರೆತರಲು ವಾಪಸ್ ಹೊರಡುತ್ತಾನೆ.